ಒಂದೇ ಸಲ ಹೇಳಿದ ‘ಬೇಡ’

ಸ್ಕಾಟ್ಲೆಂಡಿಗೆ ಹೋಗಿ ಬಂದ ಮೇಲೆ ಬ್ರಹ್ಮಾವರದಲ್ಲಿ ಸಿಕ್ಕವರೆಲ್ಲ ಕೇಳುವುದು ಒಂದೇ, ಚಳಿ ಹೇಗಿತ್ತು ಅಂತ. ಚಳಿಗೆ ಸ್ವೆಟರ್ ಇತ್ತು. ಆದರೆ ಅಲ್ಲಿಯ ಜನ ನಾವು ಬಾಯಲ್ಲಿ ಹೇಳಿದ್ದನ್ನು ಹೇಳಿದ ಹಾಗೆಯೇ ನಂಬಿಬಿಡುತ್ತಾರೆ. ಅದನ್ನು ತಡೆದುಕೊಳ್ಳುವುದಕ್ಕೆ ನನ್ನ ಪೆಟ್ಟಿಗೆಯಲ್ಲಿ ಏನೂ ಇರಲಿಲ್ಲ. ಅಲ್ಲಿದ್ದ ಒಂದು ವಾರದಲ್ಲಿ ನಾನು ದಂಗಾದದ್ದೆಲ್ಲ ಇದೇ ಒಂದು ಕಾರಣಕ್ಕೆ. ಅದರಲ್ಲಿ ಅತಿ ದೊಡ್ಡ ಪೆಟ್ಟನ್ನು ನಾನೇ ನನ್ನ ಇಂಗ್ಲಿಷಿನಿಂದ ಬರಮಾಡಿಕೊಂಡೆ.

ನಾನು ಕುಂದಾಪುರದ ಒಂದು ಹೈಸ್ಕೂಲಿನಲ್ಲಿ ಮೂವತ್ತು ವರ್ಷಕ್ಕೂ ಹೆಚ್ಚು ಇಂಗ್ಲಿಷ್ ಕಲಿಸಿ ನಿವೃತ್ತಳಾದವಳು. ಸಂಜೆ ಬ್ರಹ್ಮಾವರದ ಬಸ್ಸು ಹತ್ತುವ ಮೊದಲು ಮಾರ್ಕೆಟ್ಟಿನಲ್ಲಿ ಗಿರಿಜಕ್ಕನ ಬುಟ್ಟಿಯ ಮುಂದೆ ಕುಕ್ಕರುಗಾಲಿನಲ್ಲಿ ಕೂತು ಚೌಕಾಸಿ ಮಾಡುವುದು ನನ್ನ ದಿನಚರಿಯಾಗಿತ್ತು. ಗಿರಿಜಕ್ಕ ಬೈಂದೂರಿನ ಕಡೆಯವಳು. ನಲವತ್ತು ವರ್ಷದಿಂದ ಮೀನು ಮಾರುತ್ತಿದ್ದಾಳೆ. ಸ್ಕಾಟ್ಲೆಂಡಿನ ಸಣ್ಣ ಬಂದರೂರೊಂದರ ಹೆಂಗಸರ ಸಂಘದವರು ಬೇರೆ ಬೇರೆ ದೇಶಗಳ ಮೀನು ಮಾರುವ ಹೆಂಗಸರನ್ನು ಒಂದು ವಾರದ ಮಟ್ಟಿಗೆ ಕರೆದರು. ನಮ್ಮ ಕಡೆಯಿಂದ ಗಿರಿಜಕ್ಕನ ಹೆಸರು ಹೋಯಿತು. ಟೀಚರ್ ಜೊತೆಗಿದ್ದರೆ ಮಾತ್ರ ವಿಮಾನ ಹತ್ತುವೆ ಎಂದು ಅವಳು ಹಟ ಹಿಡಿದಳು. ಹೀಗೆ ನಾನು ಅವಳ ನಾಲಿಗೆಯಾಗಿ ಹೊರಟೆ.

ಆಮಂತ್ರಣದಲ್ಲಿ ಬರೆದಿದ್ದ ಹತ್ತು ವಿಷಯಗಳಲ್ಲಿ ಗಿರಿಜಕ್ಕನ ಕಿವಿಗೆ ಬಿದ್ದದ್ದು ಒಂದೇ. ಬಂದವರನ್ನು ಒಂದು ದಿನ ಬೋಟಿನಲ್ಲಿ ಸಮುದ್ರಕ್ಕೆ ಕರೆದುಕೊಂಡು ಹೋಗುತ್ತಾರಂತೆ.

ಅವಳ ಕೇರಿಯಲ್ಲಿ ಹೆಂಗಸರು ದೋಣಿಯಲ್ಲಿ ಕಡಲಿಗೆ ಹೋಗುವುದಿಲ್ಲ, ಹೋಗುತ್ತೇನೆ ಎಂದು ಕೇಳುವುದೂ ಇಲ್ಲ. ಗಂಡ ನಾಡದೋಣಿಯಲ್ಲಿ ಬೆಳಗಿನ ಜಾವ ಹೊರಡುತ್ತಿದ್ದ. ದೋಣಿ ಕಣ್ಣಿಗೆ ಮರೆಯಾಗುವವರೆಗೂ ಇವಳು ಮರಳಲ್ಲಿ ನಿಂತಿರುತ್ತಿದ್ದಳು. ಅವನು ವಾಪಸು ಬಂದು, ಅಲ್ಲಿಂದ ಏನೂ ಕಾಣುವುದಿಲ್ಲ, ದಡ ಅಂದರೆ ಬರೀ ಒಂದು ಗೆರೆ, ಸುಮ್ಮನೆ ಗಾಳಿಯಲ್ಲಿ ನಿಲ್ಲಬೇಡ ಎನ್ನುತ್ತಿದ್ದ. ನೀವು ತಿರುಗಿ ನೋಡಿದರಲ್ಲವೇ ಕಾಣುವುದು ಎಂದು ಇವಳು. ಈಗ ಅವನು ಬೆನ್ನುನೋವಿನಿಂದ ದೋಣಿ ಬಿಟ್ಟಿದ್ದಾನೆ, ಜಗಳ ಮಾತ್ರ ಬಿಟ್ಟಿಲ್ಲ.

ವಿಮಾನದ ಕಿಟಕಿಗೆ ಹಣೆ ಒತ್ತಿಕೊಂಡು, ಕಾಣುವುದಿಲ್ಲವೆಂಬ ಗಂಡನ ಮಾತೆತ್ತಿ ಗಿರಿಜಕ್ಕ ಹೇಳಿದ್ದಳು: “ಅವ್ರ್ ಕಾಂತಿಲ್ಲ ಅಂಬ್ರ್. ನಂಗೆ ನಂಬ್ಕೆ ಇಲ್ಲೆ. ಒಂದ್ ಸಲ ಆ ಬದಿಂದ ನಾನೇ ಕಾಣ್ಕ್ ಟೀಚರ್.”

ಐಲ್ಸಾ ಅವರ ಅಡಿಗೆಮನೆ

ನಮ್ಮನ್ನು ಇಳಿಸಿಕೊಂಡದ್ದು ಐಲ್ಸಾ ಎಂಬ ಹಿರಿಯ ಹೆಂಗಸು. ಬಂದರಿನ ಮೇಲಿನ ಓಣಿಯಲ್ಲಿ ಕಲ್ಲಿನ ಮನೆ, ಬಾಗಿಲಿಗೆ ನೀಲಿ ಬಣ್ಣ. ಹೋಗಿ ಕೂತ ಕೂಡಲೇ ಚಹಾ ಕುಡಿಯುತ್ತೀರಾ ಎಂದು ಕೇಳಿದರು. ಎರಡು ವಿಮಾನ, ಒಂದು ರೈಲು, ಒಂದು ಬಸ್ಸು ಇಳಿದು ಬಂದಿದ್ದೆವು. ಗಂಟಲು ಒಣಗಿ ಕಟ್ಟಿಗೆಯಾಗಿತ್ತು. ನಾನು ನಗುತ್ತಾ, ಅಯ್ಯೋ ಬೇಡ, ನಿಮಗ್ಯಾಕೆ ತೊಂದರೆ ಎಂದೆ.

ಐಲ್ಸಾ ಸರಿ ಎಂದು ತಲೆಯಾಡಿಸಿ, ಒಂದೇ ಒಂದು ಕಪ್ ಚಹಾ ಮಾಡಿಕೊಂಡು ನಮ್ಮೆದುರೇ ಕೂತು ಕುಡಿದರು.

ನಾನು ಕಣ್ಣು ಕಣ್ಣು ಬಿಟ್ಟೆ. ಬ್ರಹ್ಮಾವರದಲ್ಲಿ ಯಾರ ಮನೆಗೇ ಹೋಗಿ, ಬೇಡ ಎಂದ ಮೇಲೆಯೇ ಒಲೆ ಹೊತ್ತಿಸುವುದು. ಎರಡನೆಯ ಬೇಡಕ್ಕೆ ಹಾಲು ಉಕ್ಕುತ್ತಿರುತ್ತದೆ, ಮೂರನೆಯದಕ್ಕೆ ಲೋಟ ಕೈಗೆ ಬಂದಿರುತ್ತದೆ. ಮದುವೆ ಊಟದಲ್ಲಿ ಎಲೆಯ ಮೇಲೆ ಎರಡೂ ಕೈ ಅಡ್ಡ ಹಿಡಿದರೂ ಬೆರಳ ಸಂದಿಯಿಂದ ಅನ್ನ ಸುರಿಯುವವರು ನಮ್ಮವರು. ಮೊದಲ ಕೇಳಿಕೆಗೇ ಹೂಂ ಎಂದವರನ್ನು ಹಸಿದು ಬಂದವರೆಂದು ಊರೆಲ್ಲ ಆಡಿಕೊಳ್ಳುತ್ತದೆ.

ರಾತ್ರಿ ಊಟಕ್ಕೂ ಇದೇ ಕಥೆ. ಇನ್ನೊಂದು ಸ್ವಲ್ಪ ಬಡಿಸಲೇ ಎಂದರು, ಸಾಕು ಎಂದೆವು, ಪಾತ್ರೆ ಒಳಗೆ ಹೋಯಿತು. ಅದು ಹೋದ ದಾರಿಯನ್ನೇ ಗಿರಿಜಕ್ಕ ನೋಡುತ್ತಿದ್ದಳು. ಕೋಣೆಗೆ ಬಂದ ಮೇಲೆ ಇಬ್ಬರೂ ಚೀಲದಿಂದ ಚಕ್ಕುಲಿ ತೆಗೆದು ಸದ್ದಾಗದಂತೆ ಮುರಿದು ತಿಂದೆವು. ಐಲ್ಸಾ ಜಿಪುಣಿ ಎಂದು ತೀರ್ಮಾನಿಸಿದೆವು. ಆ ಪುಣ್ಯಾತ್ಗಿತ್ತಿ ನಾವು ಬರುತ್ತೇವೆಂದು ತನ್ನ ಮಂಚವನ್ನೇ ನಮಗೆ ಬಿಟ್ಟುಕೊಟ್ಟು ಹಜಾರದ ಸೋಫಾದಲ್ಲಿ ಮಲಗುತ್ತಿದ್ದರು ಎಂದು ತಿಳಿದದ್ದು ಮೂರನೆಯ ದಿನ. ನಾಚಿಕೆಯಿಂದ ನನಗೆ ಮುಖ ಎತ್ತಲಾಗಲಿಲ್ಲ.

ಬಂದರು

ಬಂದರಿನಲ್ಲಿ ಗಿರಿಜಕ್ಕನಿಗೆ ಎರಡು ಆಘಾತ ಕಾದಿತ್ತು. ಮೊದಲನೆಯದು ಮೋರಗ್. ಮೋರಗ್ ಒಂದು ಬೋಟಿನ ಯಜಮಾನಿ. ನಲವತ್ತೈದರ ಆಸುಪಾಸಿನ ಹೆಂಗಸು, ಮೊಣಕಾಲು ದಾಟುವ ರಬ್ಬರ್ ಬೂಟು, ಎದೆಯವರೆಗೆ ಹಳದಿ ಪ್ಯಾಂಟು. ತಾನೇ ಬೋಟು ಬಿಟ್ಟುಕೊಂಡು ಹೋಗಿ, ತಾನೇ ಏಡಿಯ ಬೋನುಗಳನ್ನು ಎಳೆದು ಬರುತ್ತಾಳೆ. ಗಿರಿಜಕ್ಕ ಮೋರಗ್‌ಳ ಅಂಗೈಯನ್ನು ಹಿಡಿದು ಮಗುಚಿ ನೋಡಿದಳು. ಹಗ್ಗ ಉಜ್ಜಿ ದಪ್ಪವಾದ ಚರ್ಮ. ಆಮೇಲೆ ಕತ್ತಿ ಹಿಡಿದು ಹಿಡಿದು ದಡ್ಡುಗಟ್ಟಿದ ತನ್ನ ಅಂಗೈಯನ್ನು ಪಕ್ಕದಲ್ಲಿಟ್ಟು ತೋರಿಸಿದಳು. ಅಲ್ಲಿ ನನ್ನ ಇಂಗ್ಲಿಷು ಬೇಕಾಗಲೇ ಇಲ್ಲ.

ಎರಡನೆಯದು ಬಂಗಡೆ. ಬೆಣ್ಣೆಯಂತೆ ಕೊಬ್ಬಿದ ಬಂಗಡೆಗಳನ್ನು ಮೋರಗ್ ಕಚಕಚ ತುಂಡು ಮಾಡಿ ಬೋನುಗಳಿಗೆ ತುರುಕುತ್ತಿದ್ದಳು, ಏಡಿಗೆ ಆಮಿಷವಾಗಿ. ಗಿರಿಜಕ್ಕ ಎದೆಯ ಮೇಲೆ ಕೈಯಿಟ್ಟುಕೊಂಡಳು.

“ಕುಂದಾಪ್ರದಗೆ ಇದನ್ನ ಕಂಡ್ರೆ ಜನ ಬುಟ್ಟಿಗೇ ಕೈ ಹಾಕ್ತ್ರ್,” ಅಂದಳು. “ಇವ್ರ್ ಏಡಿಗ್ ತಿನ್ಸ್ತ್ರಲೆ ಮರಾಯ್ರೆ.”

ಮೋರಗ್ ಒಂದು ಹಳೆಯ ಸಂಗತಿ ಹೇಳಿದಳು. ಅವಳ ಅಜ್ಜ ಹೆಂಗಸರನ್ನು ಬೋಟಿನ ಹತ್ತಿರಕ್ಕೂ ಬಿಡುತ್ತಿರಲಿಲ್ಲವಂತೆ, ಅಪಶಕುನ ಎಂದು. ಅದಕ್ಕೂ ಹಿಂದೆ, ಮುತ್ತಜ್ಜಿಯ ಕಾಲದಲ್ಲಿ, ಗಂಡಸರ ಬೂಟು ಒದ್ದೆಯಾಗಬಾರದೆಂದು ಹೆಂಗಸರೇ ಗಂಡಂದಿರನ್ನು ಬೆನ್ನ ಮೇಲೆ ಹೊತ್ತು, ಆ ಕೊರೆಯುವ ನೀರಿನಲ್ಲಿ ನಡೆದು ದೋಣಿಗೆ ಹತ್ತಿಸುತ್ತಿದ್ದರಂತೆ. ಹೊತ್ತು ತಂದವಳು ಅಪಶಕುನವಲ್ಲ, ಹತ್ತಿದರೆ ಅಪಶಕುನ! ನನಗೆ ಮೈ ಉರಿಯಿತು. ಗಿರಿಜಕ್ಕ ಮಾತ್ರ ಸ್ವಲ್ಪ ಯೋಚಿಸಿ, ನನ್ನ ಗಂಡನನ್ನು ಹೊರುವುದಾದರೆ ಬಾಯಿಯನ್ನು ದಡದಲ್ಲೇ ಇಳಿಸಿ ಬರಲು ಹೇಳುತ್ತಿದ್ದೆ, ಅದರ ಭಾರವೇ ಹೆಚ್ಚು ಎಂದಳು. ನಾನು ಅದನ್ನು ಇಂಗ್ಲಿಷಿಗೆ ತಿರುಗಿಸಿದಾಗ ಮೋರಗ್ ಬೋನಿನ ಮೇಲೆ ಬಿದ್ದು ನಕ್ಕಳು. ನನ್ನ ಇಂಗ್ಲಿಷಿಗೆ ಸಿಕ್ಕ ಮೊದಲ ಚಪ್ಪಾಳೆ ಅದು, ನನಗೂ ಸ್ವಲ್ಪ ತಲೆಗೇರಿತು.

ಐದನೆಯ ದಿನ, ಸಂಘದ ಹಾಲ್

ಬೋಟಿನ ದಿನ ಬಂತು. ಗಿರಿಜಕ್ಕ ಬೆಳಿಗ್ಗೆಯೇ ಸ್ನಾನ ಮಾಡಿ, ಕೊಲ್ಲೂರಿನ ಕುಂಕುಮ ಹಚ್ಚಿಕೊಂಡು, ಹಸಿರು ಸೀರೆಯ ಮೇಲೆ ಐಲ್ಸಾ ಕೊಟ್ಟ ಕೋಟು ತೊಟ್ಟು ನಿಂತಿದ್ದಳು. ಹಾಲ್‌ನಲ್ಲಿ ನಾವೆಲ್ಲ ಸೇರಿದೆವು. ಮೋರಗ್ ಒಂದು ಹಾಳೆ ಹಿಡಿದು ನಿಂತು ಬೇಸರದಿಂದ ವಿಷಯ ತಿಳಿಸಿದಳು. ಬೋಟಿನಲ್ಲಿ ಕಾನೂನಿನ ಪ್ರಕಾರ ಐದು ಅತಿಥಿಗಳಿಗೆ ಜಾಗ. ಪೋರ್ಚುಗಲ್‌ನ ಫಾತಿಮಾ ತಡವಾಗಿ ಬಂದು ಸೇರಿದ್ದರಿಂದ ನನ್ನನ್ನು ಬಿಟ್ಟೇ ಅತಿಥಿಗಳು ಆರು ಮಂದಿ ಆಗಿದ್ದಾರೆ. ಹಾಗಾಗಿ ಒಬ್ಬೊಬ್ಬರನ್ನೇ ಕೇಳುತ್ತೇನೆ ಎಂದು, ಎಲ್ಲರಿಗಿಂತ ಹಿರಿಯಳೆಂದು ಮೊದಲು ಗಿರಿಜಕ್ಕನ ಕಡೆ ತಿರುಗಿದಳು. ನೀವು ಬರುತ್ತೀರಾ?

ನಾನು ಅದನ್ನು ಕನ್ನಡಕ್ಕೆ ತಿರುಗಿಸಿ ಕೇಳಿದೆ. ಗಿರಿಜಕ್ಕ ಕೋಟಿನ ಮೇಲೆ ಸೆರಗು ಎಳೆದುಕೊಂಡು ತಲೆ ತಗ್ಗಿಸಿದಳು.

“ನಂಗೆ ಎಂತಕ್ಕೆ? ಬೇರೆ ಯಾರಾರೂ ಹೋಯ್ಲಿ.”

ನಮ್ಮ ಕಡೆ ಅದು ತುಂಬ ಸರಿಯಾದ ಉತ್ತರ. ಹಿರಿಯವಳಿಗೆ ತಕ್ಕ ಉತ್ತರ. ಇನ್ನು ನಾಲ್ಕು ಜನ ಛೆ ಛೆ ನೀವೇ ಹೋಗಬೇಕು ಎನ್ನಬೇಕು, ಇವಳು ಇನ್ನೊಮ್ಮೆ ಒಲ್ಲೆ ಎನ್ನಬೇಕು, ಯಾರಾದರೂ ಕೈ ಹಿಡಿದು ಎಬ್ಬಿಸಬೇಕು. ಇದು ನನಗೆ ಗೊತ್ತಿತ್ತು. ಅವಳು ಐದು ದಿನದಿಂದ ಈ ಬೋಟಿಗಾಗಿಯೇ ಉಸಿರಾಡುತ್ತಿದ್ದಾಳೆಂಬುದು ನನ್ನಷ್ಟು ಚೆನ್ನಾಗಿ ಆ ದೇಶದಲ್ಲಿ ಯಾರಿಗೂ ಗೊತ್ತಿರಲಿಲ್ಲ.

ಆದರೆ ನನ್ನೊಳಗಿನ ಟೀಚರ್ ಒಂದು ಒಳ್ಳೆಯ ವಾಕ್ಯಕ್ಕಾಗಿ ಕಾಯುತ್ತಿದ್ದಳು. ‘ಸ್ಟೆಪ್ ಅಸೈಡ್’ ಎನ್ನುವುದನ್ನು ನಾನು ವರ್ಷ ವರ್ಷವೂ ಮಕ್ಕಳನ್ನು ಬೆಂಚಿನಿಂದ ಎಬ್ಬಿಸಿ, ಒಂದು ಹೆಜ್ಜೆ ಪಕ್ಕಕ್ಕೆ ಇಡಿಸಿ, ಇನ್ನೊಬ್ಬರಿಗೆ ಜಾಗ ಬಿಡಿಸಿ ಕಲಿಸಿದವಳು. ಬೇರೆಯವರಿಗಾಗಿ ಗೌರವದಿಂದ ಹಿಂದೆ ಸರಿಯುವುದಕ್ಕೆ ಇದಕ್ಕಿಂತ ಚಂದದ ಮಾತಿಲ್ಲ ಎಂದು ಬೋರ್ಡಿನ ಮೇಲೆ ಬರೆದು ಅಡಿಗೆರೆ ಎಳೆದವಳು. ಇಷ್ಟು ವರ್ಷದಲ್ಲಿ ಅದನ್ನು ನಿಜವಾದ ಇಂಗ್ಲಿಷಿನವರೆದುರು ಬಳಸುವ ಯೋಗ ಬಂದಿರಲಿಲ್ಲ. ನಾನು ಗಂಟಲು ಸರಿಮಾಡಿಕೊಂಡು ಹೇಳಿದೆ: “ಶಿ ವುಡ್ ಲೈಕ್ ಟು ಸ್ಟೆಪ್ ಅಸೈಡ್.”

ಮೋರಗ್‌ಳ ಮುಖ ಮೆತ್ತಗಾಯಿತು. ಎಷ್ಟು ದೊಡ್ಡ ಮನಸ್ಸು ಎಂದಳು. ಹಾಳೆಯ ಮೇಲೆ ಗಿರಿಜಕ್ಕನ ಹೆಸರಿಗೆ ಒಂದು ಗೆರೆ ಎಳೆದಳು. ಎಲ್ಲರೂ ಚಪ್ಪಾಳೆ ತಟ್ಟಿದರು, ಫಾತಿಮಾ ಓಡಿ ಬಂದು ಗಿರಿಜಕ್ಕನನ್ನು ಅಪ್ಪಿಕೊಂಡಳು.

ಗಿರಿಜಕ್ಕ ನಾಚಿ ನಗುತ್ತಿದ್ದಳು. ಎಲ್ಲರೂ ಸೇರಿ ತನ್ನನ್ನು ಹೋಗು ಎನ್ನುತ್ತಿದ್ದಾರೆ ಎಂದುಕೊಂಡಿದ್ದಳು. ಅದನ್ನು ಕಂಡಾಗಲೇ ನಾನೇನು ಮಾಡಿಬಿಟ್ಟೆನೆಂದು ಹೊಳೆಯಿತು. ಬಾಯಿ ತೆರೆದೆ, ಮೂವತ್ತು ವರ್ಷದ ಇಂಗ್ಲಿಷಿನಲ್ಲಿ ಒಂದು ಶಬ್ದವೂ ಬರಲಿಲ್ಲ. ಅಷ್ಟರಲ್ಲಿ ಎಲ್ಲರೂ ಎದ್ದು ಬಾಗಿಲ ಕಡೆ ನಡೆದಾಗಿತ್ತು.

ಕಟ್ಟೆಯ ಮೇಲೆ

ಬಂದರಿನ ಕಲ್ಲುಕಟ್ಟೆಯ ಮೇಲೆ ಕಿತ್ತಳೆ ಬಣ್ಣದ ಜಾಕೆಟ್ಟುಗಳನ್ನು ಹಂಚಿದರು. ಐದು ಜಾಕೆಟ್ಟು ಐದು ಜನರಿಗೆ ಹೋಯಿತು. ಗಿರಿಜಕ್ಕ ಕೈ ಮುಂದೆ ಚಾಚಿ ಮತ್ತೆ ಹಿಂದೆ ತೆಗೆದುಕೊಂಡಳು. ಇಂಜಿನ್ ಸದ್ದಾಯಿತು, ಹಗ್ಗ ಬಿಚ್ಚಿದರು. ಬೋಟಿನಲ್ಲಿದ್ದವರೆಲ್ಲ ಅವಳತ್ತ ಕೈಬೀಸಿದರು.

“ಟೀಚರ್,” ಅವಳು ಮೆಲ್ಲಗೆ ಕೇಳಿದಳು, “ಇನ್ನೊಂದ್ ಸಲ ಕೇಂಬುದಿಲ್ಯಾ?”

ಇಷ್ಟು ವರ್ಷ ನೂರಾರು ಮಕ್ಕಳ ಪ್ರಶ್ನೆಗೆ ಉತ್ತರ ಕೊಟ್ಟವಳು ನಾನು. ಇದಕ್ಕೆ ಮಾತ್ರ ಜಾಗ ಸಾಲಲಿಲ್ಲವಂತೆ ಎಂದು ಸುಳ್ಳು ಹೇಳಿದೆ. ಅವಳು ಬೋಟು ಬಂದರಿನ ಬಾಯಿ ದಾಟುವವರೆಗೂ ನೋಡಿದಳು. ದಾಟಿದ ಮೇಲೂ ನಿಂತೇ ಇದ್ದಳು. ಬೈಂದೂರಿನ ಮರಳಿನ ಮೇಲೆ ಅವಳು ಹೇಗೆ ನಿಂತಿರುತ್ತಿದ್ದಳೆಂದು ನಾನು ಆವತ್ತು ಕಣ್ಣಾರೆ ಕಂಡೆ. ಅದಕ್ಕಾಗಿ ಇಷ್ಟು ದೂರ ಅವಳನ್ನು ಕರೆತರಬೇಕಿರಲಿಲ್ಲ.

ಮಧ್ಯಾಹ್ನದ ತನಕ ಆ ಸುಳ್ಳನ್ನು ಇಟ್ಟುಕೊಂಡಿದ್ದೆ. ಕೊನೆಗೆ ಸಮುದ್ರದ ಕಡೆ ಮುಖಮಾಡಿ ಹಾಕಿದ್ದ ಬೆಂಚಿನ ಮೇಲೆ ಕೂತು ಎಲ್ಲ ಒಪ್ಪಿಕೊಂಡೆ. ಬಯ್ಯುತ್ತಾಳೆ ಎಂದು ಕಾದೆ, ಬಯ್ದರೆ ಸಾಕು ಎಂದೂ ಅನ್ನಿಸಿತು. ಗಿರಿಜಕ್ಕ ಮಾತ್ರ, ನೀವು ನಾನು ಹೇಳಿದ್ದನ್ನೇ ಹೇಳಿದ್ದೀರಿ, ತಪ್ಪೇನು ಹೇಳಿಲ್ಲವಲ್ಲ ಎಂದಳು. ಇದಕ್ಕಿಂತ ಎರಡು ಪೆಟ್ಟು ಕೊಟ್ಟಿದ್ದರೆ ತಿಂದು ಸುಮ್ಮನಾಗುತ್ತಿದ್ದೆ.

ಮೋರಗ್ ಬೋಟು ಕಟ್ಟಿ ಬಂದ ಮೇಲೆ ನಾನು ಒಬ್ಬಳೇ ಅವಳ ಬಲೆಯ ಕೊಟ್ಟಿಗೆಗೆ ಹೋದೆ. ನಿಜ ತಿಳಿಸಿದೆ. ಈಗ ದಂಗಾಗುವ ಸರದಿ ಅವಳದ್ದು. ಕೈಯಲ್ಲಿದ್ದ ಹಗ್ಗ ಕೆಳಗೆ ಬಿತ್ತು. ಹೆಂಗಸೊಬ್ಬಳು ಬೇಡ ಎಂದ ಮೇಲೆ ಮತ್ತೆ ಕೇಳುವುದು ನಮ್ಮಲ್ಲಿ ಅವಮಾನ ಎಂದಳು. ಅವಳ ಮಾತನ್ನು ಮೊದಲ ಸಲಕ್ಕೇ ಕೇಳಿಸಿಕೊಳ್ಳಬೇಕು, ನನ್ನ ತಾಯಿ ಕಲಿಸಿದ್ದು ಹಾಗೆ ಎಂದಳು. ಹಾಗಾದರೆ ನಿಮ್ಮಲ್ಲಿ ಒಬ್ಬರು ನಿಜವಾಗಿಯೂ ಬೇಡ ಎಂದರೆ ಅದು ನಿಮಗೆ ಗೊತ್ತಾಗುವುದು ಹೇಗೆ ಎಂದು ಕೇಳಿದಳು.

ನಾಲ್ಕನೆಯ ಸಲಕ್ಕೆ ಗೊತ್ತಾಗುತ್ತದೆ ಎಂದೆ. ಹೇಳುವಾಗಲೇ ನನಗೆ ನನ್ನ ಮಾತು ವಿಚಿತ್ರ ಕೇಳಿಸಿತು. ನಿಜವಾಗಿ ಬೇಡವಾಗಿದ್ದ ಎಷ್ಟು ಹೆಂಗಸರ ಎಲೆಗೆ ನಾವು ಬಡಿಸಿದ್ದೇವೋ ಏನೋ.

ಮೋರಗ್ ಹಗ್ಗ ಎತ್ತಿಕೊಂಡಳು. ನಾವು ಹೊರಡುವ ದಿನ ಬೆಳಿಗ್ಗೆ, ರೈಲಿಗೆ ಮೊದಲು, ಕರೆದುಕೊಂಡು ಬಾ ಎಂದಳು.

ಕೊನೆಯ ಬೆಳಿಗ್ಗೆ

ಮೋರಗ್ ಕಲ್ಲುಕಟ್ಟೆಗೆ ಎರಡು ಜಾಕೆಟ್ಟು ತಂದಿದ್ದಳು. ಒಂದನ್ನು ಎತ್ತಿ ಹಿಡಿದು ಗಿರಿಜಕ್ಕನ ಕಣ್ಣನ್ನೇ ನೋಡಿ, ಬರುತ್ತೀಯಾ ಎಂದು ಕೇಳಿದಳು. ನಾನು ಅದನ್ನು ಕನ್ನಡಕ್ಕೆ ತಿರುಗಿಸುವ ಮೊದಲೇ ಗಿರಿಜಕ್ಕ “ಯೆಸ್” ಎಂದು ತೋಳು ತೂರಿಸಿಯಾಗಿತ್ತು. ಜೀವಮಾನದಲ್ಲಿ ಮೊದಲ ಕೇಳಿಕೆಗೇ ಹೂಂ ಎಂದಳು.

ಅವಳನ್ನು ಬೋಟಿಗೆ ಹತ್ತಿಸಿ ಮೋರಗ್ ಎರಡನೆಯ ಜಾಕೆಟ್ಟನ್ನು ನನ್ನ ಮುಂದೆ ಹಿಡಿದಳು. ನನಗೂ ಹೋಗಬೇಕೆಂದು ಆಸೆ ಇತ್ತು, ಯಾಕೆ ಮುಚ್ಚಿಡಲಿ. ಆದರೆ ಬಾಯಿ ತನ್ನ ಪಾಡಿಗೆ ತಾನು ಮಾತಾಡಿತು: ಅಯ್ಯೋ ಬೇಡ, ನನಗ್ಯಾಕೆ, ಅವಳು ಹೋಗಿ ಬರಲಿ.

ಮೋರಗ್ ಮೊನ್ನೆ ಕಲಿತ ಪಾಠ ಮರೆತಿರಲಿಲ್ಲ. ನಕ್ಕು ಇನ್ನೊಮ್ಮೆ ಕೇಳಿದಳು. ನಾನು ಇನ್ನೊಮ್ಮೆ ಬೇಡ ಎಂದೆ, ಮೂರನೆಯದಕ್ಕೆ ತೋಳು ಎತ್ತಿ ಸಿದ್ಧಳಾದೆ. ಅಷ್ಟರಲ್ಲಿ ಬೋಟಿನೊಳಗಿನಿಂದ ಗಿರಿಜಕ್ಕ ಮೋರಗ್‌ಳ ತೋಳು ಮುಟ್ಟಿ, ತಲೆ ಅಡ್ಡಡ್ಡ ಆಡಿಸಿ, ಸಮುದ್ರದ ಕಡೆ ಕೈ ತೋರಿಸಿದಳು. ಹೊರಡು ಎಂದು.

ನಾನು ಹಾಗೇ ತೋಳು ಎತ್ತಿಕೊಂಡು ನಿಂತಿದ್ದೆ. ಇಪ್ಪತ್ತು ವರ್ಷದಿಂದ ಗೆಳತಿಯಾದವಳು ನನ್ನನ್ನು ದಡದಲ್ಲಿ ಬಿಟ್ಟು ಹೋಗುತ್ತಿದ್ದಾಳೆ. ಸೇಡು ತೀರಿಸಿಕೊಂಡಳೇ ಎಂದು ಕಣ್ಣಲ್ಲಿ ನೀರು ಬಂತು.

“ಟೀಚರ್, ನೀವ್ ಅಲ್ಲೇ ನಿಲ್ಲಿ, ಹಂದ್ಬ್ಯಾಡಿ,” ಅಂದಳು ಗಿರಿಜಕ್ಕ. “ಕಾಂಬುಕೆ ಒಬ್ರ್ ದಡದಗೆ ಬೇಕಲ್ದಾ.”

ಆಗ ನನಗೆ ತಿಳಿಯಿತು, ತೋಳು ಕೆಳಗಿಳಿಸಿದೆ. ಸುಮ್ಮನೆ ಸಮುದ್ರ ನೋಡಿ ಬರಲು ಅವಳು ಹೊರಟಿರಲಿಲ್ಲ. ದಡದಲ್ಲಿ ಒಬ್ಬ ಹೆಂಗಸು ನಿಂತರೆ ಎಲ್ಲಿಯವರೆಗೆ ಕಾಣುತ್ತಾಳೆ ಎಂದು ನೋಡಬೇಕಿತ್ತು. ನಾನು ಜೊತೆಗೆ ಹೋಗಿದ್ದರೆ ದಡ ಬರಿದಾಗುತ್ತಿತ್ತು.

ನಾನು ನಿಂತೆ. ಮೆರೂನ್ ಸೀರೆ, ಹಳದಿ ಸ್ವೆಟರ್. ಬೋಟು ಸಣ್ಣದಾಗುತ್ತಾ ಹೋಯಿತು, ಆಮೇಲೆ ಅದರಲ್ಲಿದ್ದವರು ಯಾರು ಯಾರೆಂದು ತಿಳಿಯದಾಯಿತು, ಆಮೇಲೆ ಬೋಟೇ ಒಂದು ಚುಕ್ಕೆ. ಗಾಳಿ ಕಿವಿಯೊಳಗೆ ನುಗ್ಗುತ್ತಿತ್ತು. ನಾಯಿ ಹಿಡಿದುಕೊಂಡು ಹೋಗುತ್ತಿದ್ದ ಒಬ್ಬರು, ನಿಮಗೆ ಏನಾದರೂ ಸಹಾಯ ಬೇಕೇ ಎಂದು ವಿಚಾರಿಸಿದರು. ಕುತ್ತಿಗೆ ತಿರುಗಿಸದೆಯೇ ಬೇಡ ಎಂದೆ, ಅವರು ನಂಬಿ ಮುಂದೆ ಹೋದರು. ಆ ದೇಶದಲ್ಲಿ ನಾನು ಹೇಳಿದ ಒಂದೇ ಒಂದು ನಿಜವಾದ ಬೇಡ ಅದು. ಸುಮಾರು ಒಂದು ಗಂಟೆ ಹಾಗೆ ನಿಂತಿರಬಹುದು. ಕಾಲು ಮರಗಟ್ಟಿತು. ತಿರುಗಿ ಬರುತ್ತದೋ ಇಲ್ಲವೋ ಎಂಬ ಒಂದು ಕೆಟ್ಟ ಯೋಚನೆ ನೀರಿನಿಂದ ಎದ್ದು ಬರುತ್ತದೆ. ಅದನ್ನು ದೂರ ತಳ್ಳುವುದೇ ದಡದಲ್ಲಿ ನಿಂತವರ ಕೆಲಸ. ಗಿರಿಜಕ್ಕ ಇದನ್ನು ನಲವತ್ತು ವರ್ಷ ಮಾಡಿ, ಆಮೇಲೆ ಬುಟ್ಟಿ ಹೊತ್ತು ಕುಂದಾಪುರದ ಬಸ್ಸು ಹತ್ತಿ, ನನ್ನಂಥವಳ ಚೌಕಾಸಿಯನ್ನೂ ಸಹಿಸಿದ್ದಳು.

ಬೋಟು ವಾಪಸು ಬಂತು. ಇಳಿದವಳ ಮುಖ ಉಪ್ಪುನೀರಿಗೆ ಒದ್ದೆಯಾಗಿತ್ತು. ಕಂಡಿತೇ ಎಂದು ಕೇಳಿದೆ. ಅವಳು ಫೋನು ಹಚ್ಚಿಕೊಡಿ ಎಂದಳು.

ಮತ್ತೆ ಐಲ್ಸಾ ಅವರ ಅಡಿಗೆಮನೆ

ಪೆಟ್ಟಿಗೆಗಳು ಬಾಗಿಲ ಬಳಿ ಸಿದ್ಧವಾಗಿದ್ದವು. ಐಲ್ಸಾ ಚಹಾ ಬೇಕೇ ಎಂದಾಗ ನಾವಿಬ್ಬರೂ ಒಟ್ಟಿಗೆ ಹೂಂ ಎಂದೆವು. ನಾನು ಬೈಂದೂರಿಗೆ ಫೋನು ಹಚ್ಚಿ, ಅವಳಿಗೆ ಹಿಡಿಯಲು ಅನುಕೂಲವಾಗಲೆಂದು ಸ್ಪೀಕರ್ ಹಾಕಿ ಮೇಜಿನ ಮೇಲಿಟ್ಟೆ. ಅಲ್ಲಿ ಆಗ ಮಧ್ಯಾಹ್ನದ ಊಟ ಮುಗಿದ ಹೊತ್ತು. ಹಿಂದಿನಿಂದ ಕಾಗೆಗಳ ಸದ್ದು ಕೇಳುತ್ತಿತ್ತು.

“ಹ್ವಾಯ್, ನಾ ಕಡ್ಲಿಗ್ ಹೋಯ್ ಬಂದೆ.”

ಅತ್ತಲಿಂದ ಗಂಡ ನಗುತ್ತಾ, ಏನು ಕಂಡೆ, ಒಂದು ಗೆರೆ ತಾನೇ ಎಂದು ಕೇಳಿದ.

“ದಡದಗೆ ಟೀಚರ್ ಕಂಡ್ರ್,” ಅಂದಳು ಗಿರಿಜಕ್ಕ. “ಕಡೆ ತನಕ ಕಂಡ್ರ್. ನೀವ್ ಕಾಂತಿಲ್ಲ ಅಂದಿರಿ.”

ನಗು ನಿಂತಿತು. ಕಾಗೆಗಳು ಮಾತ್ರ ಕೂಗುತ್ತಿದ್ದವು. ಫೋನು ಕಡಿದು ಹೋಯಿತೇನೋ ಎಂದು ನಾನು ಬಗ್ಗಿ ನೋಡಿದೆ, ಹೋಗಿರಲಿಲ್ಲ. ಅವನು ಕೆಮ್ಮಿದ.

“ಕಾಂತ್ ಅಂದಿದ್ರೆ ನೀ ಮಳಿಗೂ ಬಂದ್ ನಿಲ್ತಿದ್ದೆ.”

“ನಾ ಮಳಿಗೂ ನಿಂತಿದ್ದೆ.”

“ಗೊತ್ತಿತ್ತ್,” ಅಂದ ಅವನು. “ದಿನಾ ತಿರ್ಗಿ ಕಾಂತಿದ್ದೆ.”

ಗಿರಿಜಕ್ಕ ಮೇಜಿನ ಮೇಲಿದ್ದ ಫೋನನ್ನು ಎತ್ತಿ, ಸ್ಪೀಕರ್ ಇದ್ದರೂ ಕಿವಿಗೆ ಒತ್ತಿ ಹಿಡಿದುಕೊಂಡು, ಹಾಗೆಯೇ ಕುರ್ಚಿಯಲ್ಲಿ ಕೂತುಬಿಟ್ಟಳು.